ಹೊನ್ನಮ್ಮನವರ ವಿಕೇಂದ್ರೀಕರಣ

ಶನಿವಾರ ಬೆಳಿಗ್ಗೆ ಡ್ರೈಯರ್‌ನಿಂದ ತೆಗೆದ ಬೆಚ್ಚಗಿನ ಬಟ್ಟೆಗಳನ್ನು ಸೋಫಾದ ಮೇಲೆ ಸುರಿದುಕೊಂಡು ಗೀತಾ ಕಾಲುಚೀಲಗಳಿಗೆ ಜೊತೆ ಹುಡುಕುತ್ತಿದ್ದಳು. ತಾಳ್ಮೆ ಕಲಿಯಬೇಕೆಂದವರು ಯಾವ ಗುರುವನ್ನೂ ಹುಡುಕಿಕೊಂಡು ಹೋಗಬೇಕಾಗಿಲ್ಲ, ವಾರಕ್ಕೊಮ್ಮೆ ಈ ಕೆಲಸ ಮಾಡಿದರೆ ಸಾಕು. ಗಂಡ ಗುರುರಾಜನ ಚೀಲಗಳಿಗೆ ಎಂದೂ ಜೊತೆ ಸಿಗುತ್ತಿರಲಿಲ್ಲ. ಆತ ಒಂದು ಕಾಲಿಗೆ ಕಪ್ಪು, ಇನ್ನೊಂದಕ್ಕೆ ನೀಲಿ ಹಾಕಿಕೊಂಡು ಅಮೆರಿಕದ ಡಾಲಸ್ ಪಕ್ಕದ ಅಲೆನ್‌ನಿಂದ ಪ್ಲೇನೋದ ಆಫೀಸಿಗೆ ಹೋಗಿ ಬರುವ, ಯಾರಾದರೂ ಬೆರಳು ಮಾಡಿ ತೋರಿಸಿದರೆ ‘ಎರಡೂ ಒಗೆದದ್ದೇ’ ಎನ್ನುವ ಮನುಷ್ಯ. ಮಗಳು ನಿಶಿತಾಳ ಚೀಲಗಳ ಮೇಲೆ ಒಂದೊಂದು ವಾರ ಒಂದೊಂದು ಪ್ರಾಣಿ. ಅತ್ತೆ ಹೊನ್ನಮ್ಮನವರದು ಮಾತ್ರ ಎಲ್ಲವೂ ಒಂದೇ ಬೂದು ಬಣ್ಣ. ಅಂದು ಅವುಗಳಲ್ಲೊಂದರ ಹೆಬ್ಬೆರಳಿನ ಜಾಗದಲ್ಲಿ ನಾಣ್ಯದಗಲ ಕಂದು ಕಲೆ ಕಂಡಿತು. ಒಗೆದರೂ ಹೋಗಿರಲಿಲ್ಲ. ಗೀತಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು.

‘ಅತ್ತೆ, ನಿಮ್ಮ ಕಾಲಿಗೆ ಏನಾದ್ರೂ...’

‘ಗೀತಾ, ಎಲ್ರೂ ಊಟದ ಟೇಬಲ್ಲಿಗೆ ಬನ್ನಿ. ಮೀಟಿಂಗ್ ಇದೆ,’ ಎಂದು ಮಹಡಿಯಿಂದ ಕೂಗು ಕೇಳಿತು.

ಕೂಗಿದ ಗುರುರಾಜ ಇಸ್ತ್ರಿ ಮಾಡಿದ ಶರಟು, ಅದರ ಕೆಳಗೆ ರಾತ್ರಿಯ ಪೈಜಾಮ ತೊಟ್ಟು, ಲ್ಯಾಪ್‌ಟಾಪನ್ನು ಆರತಿ ತಟ್ಟೆಯಂತೆ ಎರಡು ಕೈಯಲ್ಲಿ ಹಿಡಿದು ಮೆಟ್ಟಿಲಿಳಿದ. ಕ್ಯಾಮರಾದಲ್ಲಿ ಕಾಣುವ ಭಾಗವನ್ನು ಮಾತ್ರ ಸಿದ್ಧಪಡಿಸಿಕೊಳ್ಳುವ ವಿದ್ಯೆ ಆತನಿಗೆ ಸಿದ್ಧಿಸಿತ್ತು. ಗೀತಾ ಕಲೆಯ ಚೀಲವನ್ನು ಡ್ರೈಯರ್ ಮೇಲೆ ಬೇರೆಯಾಗಿ ಇಟ್ಟು ಬಂದಳು. ಆಮೇಲೆ ಕೇಳಿದರಾಯಿತು ಎಂದುಕೊಂಡಳು. ಆ ಮನೆಯಲ್ಲಿ ಬಹಳಷ್ಟು ಕೆಲಸಗಳು ಆಮೇಲೆಯ ಮೇಲೆ ನಿಂತಿದ್ದವು.

ಗುರುರಾಜ ಮೂಲತಃ ನೀರಿನ ಕೊಳವೆಗಳ ಎಂಜಿನಿಯರು. ಹಿಂದಿನ ವರ್ಷ ಒಂದು ಅಂತರರಾಷ್ಟ್ರೀಯ ಸಂಸ್ಥೆಯವರು ಆತನನ್ನು ಯುದ್ಧ ಮುಗಿದು ಇನ್ನೂ ಹೊಗೆಯಾರದ ದೇಶವೊಂದಕ್ಕೆ ಕರೆದುಕೊಂಡು ಹೋಗಿದ್ದರು. ಪಂಪು ಎಷ್ಟು ದೊಡ್ಡದಿರಬೇಕು ಎಂದು ಹೇಳಿ ಬರುವುದಷ್ಟೇ ಕೆಲಸ. ಆದರೆ ಅಲ್ಲಿ ಭಾಷಣ ಮಾಡಬೇಕಿದ್ದ ದೊಡ್ಡ ತಜ್ಞರಿಗೆ ಹೊಟ್ಟೆ ಕೆಟ್ಟು, ಅವರ ಸ್ಲೈಡುಗಳನ್ನು ಓದುವ ಭಾಗ್ಯ ಗುರುರಾಜನಿಗೆ ಬಂತು. ಸ್ಲೈಡುಗಳ ವಿಷಯ ರಾಷ್ಟ್ರ ನಿರ್ಮಾಣದಲ್ಲಿ ಅಧಿಕಾರ ವಿಕೇಂದ್ರೀಕರಣ. ಒಬ್ಬರ ಹೊಟ್ಟೆ ಕೆಟ್ಟರೆ ಇನ್ನೊಬ್ಬರ ತಲೆ ಕೆಡುವುದುಂಟು. ಅಲೆನ್‌ಗೆ ಮರಳಿದವನ ವಿಸಿಟಿಂಗ್ ಕಾರ್ಡಿನಲ್ಲಿ ‘ವಿಕೇಂದ್ರೀಕರಣ ಸಲಹೆಗಾರ’ ಎಂದಿತ್ತು. ಆವರೆಗೆ ಪುದೀನ ತಾ ಎಂದರೆ ಕೊತ್ತಂಬರಿ ತರುತ್ತಿದ್ದವನು ಈಗ ಕೊತ್ತಂಬರಿ ತಂದು, ಸ್ಥಳೀಯ ಲಭ್ಯತೆಗೆ ಅನುಗುಣವಾಗಿ ತೀರ್ಮಾನಿಸಿದೆ ಎನ್ನತೊಡಗಿದ.

ಲ್ಯಾಪ್‌ಟಾಪಿನಲ್ಲಿ ಎರಡು ಮುಖಗಳು ಮೂಡಿದವು. ಒಂದು ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನಲ್ಲಿರುವ ತಂಗಿ ಕೃಷ್ಣವೇಣಿ, ಕಣ್ಣಿನ ಡಾಕ್ಟರು. ಇನ್ನೊಂದು ಆಸ್ಟಿನ್‌ನಲ್ಲಿರುವ ಕೊನೆಯ ತಮ್ಮ ನಂದಕುಮಾರ್. ಆತ ಕಂಪ್ಯೂಟರ್ ಕೆಲಸದವನು, ಒಂಟಿ, ಬ್ರಶ್ ಬಾಯಲ್ಲಿಟ್ಟುಕೊಂಡೇ ಕೂತಿದ್ದ.

‘ವಿಷಯ ಅಮ್ಮ,’ ಎಂದ ಗುರುರಾಜ.

ವಿಷಯವು ಟೇಬಲ್ಲಿನ ತುದಿಯಲ್ಲಿ ಕೂತು ಬೀನ್ಸಿನ ನಾರು ತೆಗೆಯುತ್ತಿತ್ತು.

ಹೊನ್ನಮ್ಮನವರು ಈ ದೇಶಕ್ಕೆ ಬಂದದ್ದು ನಿಶಿತಾ ಹುಟ್ಟಿದಾಗ. ಬಾಣಂತನದ ಆ ಕಾಲದಲ್ಲಿ ಅವರಿಗಾಗಿ ಮನೆಗಳ ನಡುವೆ ಯುದ್ಧವೇ ನಡೆದಿತ್ತು. ‘ಅಮ್ಮ ಮೊದಲು ನಮ್ಮಲ್ಲಿಗೆ’ ಎಂದು ಕೃಷ್ಣವೇಣಿ ಅವಳಿ ಮಕ್ಕಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಫೋನಿನಲ್ಲಿ ಅತ್ತಿದ್ದಳು. ಈಗ ಮಕ್ಕಳೆಲ್ಲ ತಾವೇ ಜಡೆ ಹಾಕಿಕೊಳ್ಳುವಷ್ಟಾಗಿದ್ದರು. ಹೊನ್ನಮ್ಮನವರಿಗೆ ಸಕ್ಕರೆ ಕಾಯಿಲೆ, ಬಿ.ಪಿ., ಮರೆವು ಒಂದೊಂದಾಗಿ ಬಂದು ಸೇರಿದ್ದವು. ಶಾಂತಿ ಸ್ಥಾಪನೆಯಾಗಿತ್ತು. ಅವರಿಗಾಗಿ ಈಗ ಯಾರೂ ಯುದ್ಧ ಮಾಡುತ್ತಿರಲಿಲ್ಲ.

‘ಅಮ್ಮನ ಎಲ್ಲ ಭಾರವೂ ಡಾಲಸ್ ಮೇಲೇ ಬಿದ್ದಿದೆ,’ ಎಂದು ಗುರುರಾಜ ಸ್ಲೈಡು ತೆರೆದ. ‘ಇದು ಅತಿಯಾದ ಕೇಂದ್ರೀಕರಣ. ಇನ್ನು ಮುಂದೆ ಮೂರು ಘಟಕಗಳು. ಡಾಲಸ್, ಹ್ಯೂಸ್ಟನ್, ಆಸ್ಟಿನ್. ಅಮ್ಮ ಸರದಿ ಪ್ರಕಾರ ಇರ್ತಾರೆ. ಜೊತೆಗೆ ವಿಷಯ ಹಂಚಿಕೆ. ವೀಸಾ, ವಿಮೆ, ಪತ್ರ ವ್ಯವಹಾರ ಡಾಲಸ್‌ಗೆ. ಕಣ್ಣು, ಬಿ.ಪಿ., ಶುಗರ್ ಹ್ಯೂಸ್ಟನ್‌ಗೆ. ಹಲ್ಲು, ಕಿವಿ, ಮನರಂಜನೆ ಆಸ್ಟಿನ್‌ಗೆ.’

ನಂದಕುಮಾರ್ ಬ್ರಶ್ ತೆಗೆದ. ‘ಮನರಂಜನೆ ನಾನು ಚೆನ್ನಾಗಿ ಮಾಡ್ತೀನಿ ಅಣ್ಣ.’

‘ನಮ್ಮನೆಗೆ ಬಂದ ಮೇಲೆ ನಮ್ಮನೆ ರೂಲ್ಸು,’ ಎಂದಳು ಕೃಷ್ಣವೇಣಿ. ‘ದಿನಾ ಫೋನ್ ಮಾಡಿ ಉಪ್ಪು ಕಮ್ಮಿ ಹಾಕು ಅಂತ ಡಾಲಸ್‌ನಿಂದ ಆರ್ಡರ್ ಬರಬಾರದು. ವಿಕೇಂದ್ರೀಕರಣ ಅಂದ್ರೆ ಅದೇ ತಾನೆ?’

‘ಅಲ್ಲ. ಯೋಜನೆ ಇಲ್ಲಿ, ಅನುಷ್ಠಾನ ಅಲ್ಲಿ.’

‘ಆ ಆರ್ಡರ್ ಒಂದು ಬಿಟ್ರೆ ನಂಗೆ ಒಪ್ಪಿಗೆ.’

‘ಅಂದ್ರೆ ನಂಗೆ ಸರದಿ ಬರೋವರೆಗೂ ಏನೂ ಕೆಲಸ ಇಲ್ಲ ಅಂತಲಾ?’ ಎಂದ ನಂದಕುಮಾರ್, ಮುಖ ಅರಳಿಸಿ.

ಹೀಗೆ ಒಂದೇ ಪದಕ್ಕೆ ಒಡಹುಟ್ಟಿದ ಮೂವರೂ ಮೂರು ಅರ್ಥ ಮಾಡಿಕೊಂಡು ಸರ್ವಾನುಮತದಿಂದ ಒಪ್ಪಿದರು. ಹೊನ್ನಮ್ಮನವರಿಗೆ ನಾಲ್ಕನೆಯದೊಂದು ಅರ್ಥವಿತ್ತು. ಅವರು ಬೀನ್ಸಿನ ನಾರನ್ನು ಬೆರಳಿಗೆ ಸುತ್ತುತ್ತಾ ಗೀತಾಳ ಕಡೆ ಬಾಗಿ, ‘ಹಿಸ್ಸೆ ಆಗ್ತಿದೆ ಅನ್ನು. ನಮ್ಮ ಅಜ್ಜಿಗೂ ಹಿಂಗೇ ಆಗಿತ್ತು ಕಣಮ್ಮ. ಹೊಲ, ಗದ್ದೆ, ಎತ್ತು ಎಲ್ಲ ಹಂಚಿದ ಮೇಲೆ ಉಳಿದವಳು ಅವಳೊಬ್ಬಳೇ,’ ಎಂದು ಮೆಲ್ಲಗೆ ನಕ್ಕರು.

ಗೀತಾಳಿಗೆ ಕಾಲುಚೀಲ ನೆನಪಾಯಿತು. ‘ರೀ, ಅತ್ತೆ ಕಾಲು ನೋಡ್ಬೇಕು. ಗಾಯ ಆಗಿರೋ ಹಾಗಿದೆ.’

ಗುರುರಾಜ ಸ್ಲೈಡನ್ನು ಮೇಲಿಂದ ಕೆಳಕ್ಕೆ ನೋಡಿದ. ಕಾಲು ಯಾವ ಘಟಕದಲ್ಲೂ ಇರಲಿಲ್ಲ. ಆತ ಕ್ಷಣಕಾಲ ಪೆಚ್ಚಾದರೂ ಹೈಸ್ಕೂಲಿನ ಪೌರನೀತಿ ಪುಸ್ತಕ ಕೈಹಿಡಿಯಿತು. ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಇಬ್ಬರಿಗೂ ಸೇರಿದ್ದಕ್ಕೆ ಸಮವರ್ತಿ ಪಟ್ಟಿ. ‘ಕಾಲು ಸಮವರ್ತಿ,’ ಎಂದು ಘೋಷಿಸಿದ. ‘ಅಂದ್ರೆ ಮೂವರೂ ನೋಡ್ಕೋಬಹುದು.’

ಮೂವರೂ ನೋಡಿಕೊಳ್ಳಬಹುದಾದದ್ದನ್ನು ಯಾರು ನೋಡಿಕೊಳ್ಳುತ್ತಾರೆ ಎನ್ನುವುದು ಆ ಪುಸ್ತಕದ ಮುಂದಿನ ಪಾಠದಲ್ಲಿತ್ತೋ ಏನೋ, ಗುರುರಾಜ ಆ ದಿನ ಶಾಲೆಗೆ ಹೋಗಿರಲಿಲ್ಲ.

‘ಅಮ್ಮಾ, ಐ ಹ್ಯಾವ್ ಎ ಕ್ವೆಶ್ಚನ್,’ ಎಂದಳು ನಿಶಿತಾ. ಆ ಹುಡುಗಿಗೆ ಕನ್ನಡವೆಲ್ಲ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಇಂಗ್ಲಿಷಿನಲ್ಲೇ.

‘ಪ್ರಶ್ನೋತ್ತರ ಕೊನೆಗೆ, ಪುಟ್ಟಿ,’ ಎಂದ ಅಪ್ಪ, ಮತ್ತು ಮೀಟಿಂಗ್ ಮುಗಿಸಿದ.

ಮಧ್ಯಾಹ್ನ ಗೀತಾ ಅತ್ತೆಯ ಕಾಲನ್ನು ತನ್ನ ಮಡಿಲಲ್ಲಿಟ್ಟುಕೊಂಡು ನೋಡಿದಳು. ಹೆಬ್ಬೆರಳಿನ ಬುಡದಲ್ಲಿ ಬಾಯಿ ಬಿಟ್ಟ ಗುಳ್ಳೆ, ಅದರ ಮೇಲೆ ಅರಿಸಿನ, ಹಳೆಯ ಪಂಚೆಯ ಚೂರಿನ ಕಟ್ಟು.

‘ನೋಯತ್ತಾ ಅತ್ತೆ?’

‘ಏನೂ ಗೊತ್ತಾಗಲ್ಲ ಕಣಮ್ಮ. ಹೊಸ ಶೂ ಕಚ್ಚಿದೆ, ಅಷ್ಟೆ. ಮುಂದಿನ ಶನಿವಾರ ಡಾಕ್ಟರ್ ಮಗಳ ಮನೆಗೇ ಹೋಗ್ತಿದೀನಲ್ಲ.’

ಸರಿಯೇ ಅನ್ನಿಸಿತು. ಡಾಕ್ಟರ ಮನೆಗೆ ಹೊರಟವರನ್ನು ಇನ್ನೊಬ್ಬ ಡಾಕ್ಟರ ಬಳಿಗೆ ಕರೆದುಕೊಂಡು ಹೋಗುವುದು ಹೇಗೆ? ಗೀತಾ ಹೊಸ ಬಟ್ಟೆ ಕಟ್ಟಿ, ಒಲೆಯ ಮೇಲಿದ್ದ ಹಾಲಿನ ಕಡೆ ಓಡಿದಳು.

ಭಾನುವಾರ ಪಕ್ಕದ ಬೀದಿಯ ರಾಜಲಕ್ಷ್ಮಿ ಆಂಟಿಯ ಮನೆಯಲ್ಲಿ ಊಟವಿತ್ತು. ಆಂಟಿಯ ಗಂಡ ಚಂದ್ರಮೋಹನ ಅಂಕಲ್ ನಿವೃತ್ತ ಮೂಳೆ ಡಾಕ್ಟರು. ಈಚೆಗೆ ಅವರು ಟೊಮೆಟೊ ಗಿಡಗಳ ವಿಷಯ ಬಿಟ್ಟು ಬೇರೇನೂ ಮಾತಾಡುತ್ತಿರಲಿಲ್ಲ. ಬಿಸಿಬೇಳೆ ಬಾತ್ ಬಡಿಸುವ ಹೊತ್ತಿಗೆ ಗುರುರಾಜ ತನ್ನ ಪ್ರವಾಸದ ಕಥೆ ತೆಗೆದ. ಅಲ್ಲಿದ್ದವರೆಲ್ಲ ಅದನ್ನು ಮೊದಲೂ ಕೇಳಿದ್ದರು, ಆದರೆ ಬಾಯಲ್ಲಿ ತುತ್ತಿದ್ದುದರಿಂದ ತಡೆಯಲಾಗಲಿಲ್ಲ.

‘ಬೆಟ್ಟದ ಮೇಲಿನ ಹಳ್ಳಿ ಅಂಕಲ್. ಗೋಡೆ ತುಂಬ ಗುಂಡಿನ ತೂತು. ಒಂದು ಗಂಟೆ ವಿವರಿಸಿದೆ. ಇನ್ಮೇಲೆ ನಿಮ್ಮ ಶಾಲೆ, ನಿಮ್ಮ ನೀರು, ನಿಮ್ಮ ಆಸ್ಪತ್ರೆ ಎಲ್ಲ ನೀವೇ ನೋಡ್ಕೋತೀರಿ, ಅಧಿಕಾರ ನಿಮ್ಮ ಬಾಗಿಲಿಗೇ ಬರತ್ತೆ ಅಂತ. ದುಭಾಷಿ ಪಾಪ ಬೆವರು ಸುರಿಸ್ಕೊಂಡು ಎಲ್ಲಾನೂ ಹೇಳ್ದ. ಕೊನೆಗೆ ಪ್ರಶ್ನೆ ಇದ್ರೆ ಕೇಳಿ ಅಂದೆ. ಒಬ್ಬ ಮುದುಕ ಎದ್ದು ನಿಂತ. ಏನು ಕೇಳ್ದ ಗೊತ್ತಾ?’

ಎಲ್ಲರಿಗೂ ಗೊತ್ತಿತ್ತು.

‘ಹಾಗಾದ್ರೆ ರಾಜಧಾನಿಯವರಿಗೆ ನಾವು ಬೇಡ್ವಾ? ಅಂದ. ಒಂದು ಗಂಟೆ ಭಾಷಣ ಮಾಡಿದ್ದಕ್ಕೆ ಇದು ಫಲ.’

ಎಲ್ಲರೂ ನಕ್ಕರು. ಆಂಟಿ ಸೌಟು ಹಿಡಿದುಕೊಂಡೇ ನಕ್ಕರು. ಅಂಕಲ್, ‘ನಾವು ಅಂದುಕೊಳ್ಳೋದೇ ಒಂದು, ಅವರಿಗೆ ಕೇಳಿಸೋದೇ ಒಂದು. ಟೊಮೆಟೊನೂ ಹಾಗೇ,’ ಎಂದರು. ಅದು ಹೇಗೆಂದು ಯಾರೂ ಕೇಳಲಿಲ್ಲ.

ಹೊನ್ನಮ್ಮನವರು ಮಾತ್ರ ನಗದೆ, ‘ಅದಕ್ಕೆ ನೀನೇನಂದೆ ಗುರು?’ ಎಂದು ಕೇಳಿದರು.

‘ಒಳ್ಳೆ ಪ್ರಶ್ನೆ ಅಂದೆ.’

‘ಆಮೇಲೆ?’

‘ಆಮೇಲೆ ಏನಮ್ಮ? ಹೆಲಿಕಾಪ್ಟರ್ ಬಂತು.’

ಗುರುರಾಜ ತಾಯಿಯ ಹೊಸ ವ್ಯವಸ್ಥೆಯನ್ನೂ ವಿವರಿಸಿದ. ಆಂಟಿಗೆ ಬಹಳ ಹಿಡಿಸಿತು. ‘ನಮ್ಮ ಅತ್ತೆ ಇದ್ದಾಗ ನಿಮ್ಮಂಥ ಬುದ್ಧಿ ಯಾರಿಗೂ ಹೊಳೀಲಿಲ್ಲ ನೋಡಿ,’ ಎಂದು ನಿಟ್ಟುಸಿರಿಟ್ಟು, ಹೊನ್ನಮ್ಮನವರ ತಟ್ಟೆಗೆ ಸಕ್ಕರೆ ಕಾಯಿಲೆಯನ್ನು ಲೆಕ್ಕಿಸದೆ ಎರಡು ಹೋಳಿಗೆ ಹಾಕಿದರು. ಶುಗರ್ ಹ್ಯೂಸ್ಟನ್ ಘಟಕದ ವಿಷಯವಾದ್ದರಿಂದ ಗುರುರಾಜ ಮಧ್ಯೆ ಪ್ರವೇಶಿಸಲಿಲ್ಲ.

ಮುಂದಿನ ಶನಿವಾರ ಹಸ್ತಾಂತರ. ಡಾಲಸ್ಸಿಗೂ ಹ್ಯೂಸ್ಟನ್ನಿಗೂ ನಡುವೆ ಹೆದ್ದಾರಿಯ ಪಕ್ಕದ ಒಂದು ದೊಡ್ಡ ಗ್ಯಾಸ್ ಸ್ಟೇಷನ್ನನ್ನು, ಅಂದರೆ ಪೆಟ್ರೋಲ್ ಬಂಕನ್ನು, ಗುರುರಾಜ ಗಡಿಯೆಂದು ಗುರುತಿಸಿದ್ದ. ಪಂಪುಗಳ ಸಾಲು ಕಣ್ಣಿಗೆ ಕಾಣುವಷ್ಟು ದೂರ. ಒಳಗೆ ಹುರಿದ ಬಾದಾಮಿಯ ವಾಸನೆ, ಹೊರಗೆ ಕಾದ ಡಾಂಬರು. ಹೊನ್ನಮ್ಮನವರು ಒಂದು ಸೂಟ್‌ಕೇಸು, ಮಾತ್ರೆಯ ಡಬ್ಬಿ, ತಮ್ಮ ಸ್ಟೀಲ್ ಚೊಂಬು ಇಟ್ಟುಕೊಂಡು ಐಸ್ ಮಾರುವ ಪೆಟ್ಟಿಗೆಯ ನೆರಳಿನಲ್ಲಿ ನಿಂತರು. ಚೊಂಬು ಯಾಕೆಂದು ಯಾರಾದರೂ ಕೇಳಿದರೆ, ‘ಎಲ್ಲ ಮನೇಲೂ ನೀರು ಒಂದೇ ರುಚಿ ಇರತ್ತೆ ಇದ್ರಲ್ಲಿ,’ ಎನ್ನುತ್ತಿದ್ದರು.

ಕೃಷ್ಣವೇಣಿ ಬಂದವಳು ಎಂಜಿನ್ ಕೂಡ ನಿಲ್ಲಿಸಲಿಲ್ಲ. ಅವಳಿಗಳಿಗೆ ಈಜಿನ ಸ್ಪರ್ಧೆಯಿತ್ತು. ಗುರುರಾಜ ಎರಡು ದೇಶಗಳ ನಡುವಿನ ಒಪ್ಪಂದಕ್ಕೆ ಬಂದವನಂತೆ ಕೈ ಚಾಚಿದ. ಆಕೆ ಆ ಕೈಗೆ ಸೂಟ್‌ಕೇಸ್ ಕೊಟ್ಟು ಡಿಕ್ಕಿ ತೋರಿಸಿದಳು.

‘ಕೃಷ್ಣವೇಣಿ, ಅತ್ತೆ ಕಾಲಲ್ಲಿ ಒಂದು ಗಾಯ ಇದೆ, ಸ್ವಲ್ಪ ನೋಡು,’ ಎಂದಳು ಗೀತಾ ಕಿಟಕಿಗೆ ಬಾಗಿ.

‘ಕಾಲು ಯಾರಿಗೆ ಅತ್ತಿಗೆ, ನಂಗಾ?’

‘ಸಮವರ್ತಿ,’ ಎಂದ ಗುರುರಾಜ ಡಿಕ್ಕಿಯ ಕಡೆಯಿಂದ.

ನಿಶಿತಾ ಅಜ್ಜಿಯ ಸೀರೆಯ ಸೆರಗು ಹಿಡಿದುಕೊಂಡು ನಿಂತಿದ್ದಳು. ‘ಅಪ್ಪಾ, ಕ್ಯಾನ್ ಐ ಆಸ್ಕ್ ನೌ?’

‘ಕಾರಲ್ಲಿ ಕೇಳು ಪುಟ್ಟಿ, ಬಿಸಿಲು.’

ಕಾರಿನಲ್ಲಿ ಗುರುರಾಜ ದಾರಿ ತಪ್ಪಿ ಯಾವುದೋ ಹಸು ಸಾಕುವ ಫಾರ್ಮಿನ ಗೇಟಿನ ಮುಂದೆ ಹೋಗಿ ನಿಂತದ್ದರಿಂದ ಆ ಪ್ರಶ್ನೆ ಮತ್ತೆ ಉಳಿಯಿತು.

ಹ್ಯೂಸ್ಟನ್ ಘಟಕ ಸ್ವತಂತ್ರವಾಗಿ ಕಾರ್ಯ ನಿರ್ವಹಿಸತೊಡಗಿತು. ಎಷ್ಟು ಸ್ವತಂತ್ರವೆಂದರೆ ಗೀತಾ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಕೃಷ್ಣವೇಣಿ ಕೆಟ್ಟವಳಲ್ಲ. ಬೆಳಗಿನಿಂದ ಸಂಜೆಯವರೆಗೆ ಊರವರ ಕಣ್ಣೊಳಗೆ ಇಣುಕಿ ನೋಡಿ ಬಂದವಳಿಗೆ ಮನೆಯಲ್ಲಿ ಕಣ್ಣು ಬಿಡುವಷ್ಟೂ ಶಕ್ತಿ ಉಳಿಯುತ್ತಿರಲಿಲ್ಲ. ಆದರೂ ಒಂದು ಬೆಳಿಗ್ಗೆ ಅಮ್ಮನ ಕಾಲಿನ ಕಟ್ಟು ಕಂಡು ಕುಟುಂಬದ ವಾಟ್ಸ್ಯಾಪ್ ಗುಂಪಿನಲ್ಲಿ, ‘ಅಮ್ಮನ ಕಾಲು, ಡಾಲಸ್‌ನಲ್ಲಿ ಡಾಕ್ಟರಿಗೆ ತೋರಿಸಿದೀರಾ?’ ಎಂದು ಬರೆದಳು.

ಗುರುರಾಜ ಕೂಡಲೇ ಹೆಬ್ಬೆರಳೆತ್ತಿದ ಚಿತ್ರ ಕಳಿಸಿದ.

ಗುರುರಾಜನ ಹೆಬ್ಬೆರಳಿನ ಅರ್ಥ, ನಿಮ್ಮ ವರದಿ ತಲುಪಿದೆ ಎಂದು. ಕೃಷ್ಣವೇಣಿಗೆ ಆದದ್ದು, ತೋರಿಸಿಯಾಗಿದೆ ಎಂದು. ನಂದಕುಮಾರನಿಗೆ ಆದದ್ದು, ಏನೂ ತೊಂದರೆಯಿಲ್ಲ ಎಂದು. ಆತನೂ ಒಂದು ಹೆಬ್ಬೆರಳು ಸೇರಿಸಿದ. ಹೊನ್ನಮ್ಮನವರ ಒಂದು ಹೆಬ್ಬೆರಳಿಗೆ ಎರಡು ಮನೆಗಳಿಂದ ಹೆಬ್ಬೆರಳು ಬಂದಿತು.

ಗೀತಾ ಆ ಸಂಜೆ ಚಪಾತಿ ಲಟ್ಟಿಸುತ್ತಾ ಕೇಳಿದಳು. ‘ರೀ, ತೋರಿಸಿದ್ವಿ ಅಂತ ಯಾಕೆ ಹೇಳಿದ್ರಿ?’

‘ನಾನೆಲ್ಲಿ ಹಾಗಂದೆ? ಗಮನಿಸಿದ್ದೀನಿ ಅಂದೆ.’

‘ಹಾಗಾದ್ರೆ ಈಗ ಫೋನ್ ಮಾಡಿ ಹೇಳಿ.’

‘ಗೀತಾ, ನೀನು ಮತ್ತೆ ಕೇಂದ್ರದಿಂದ ಕೈ ಹಾಕೋಕೆ ಹೇಳ್ತಿದೀಯ. ಆ ದೇಶದಲ್ಲೂ ಇದೇ ಕಷ್ಟ. ಸ್ಥಳೀಯರ ಮೇಲೆ ನಂಬಿಕೆನೇ ಇಲ್ಲ.’

ಗೀತಾಳೇ ಫೋನ್ ಮಾಡಿದಳು. ಈ ಸಲ ಎತ್ತಿದವರು ಹೊನ್ನಮ್ಮನವರು. ‘ನಾನು ಚೆನ್ನಾಗಿದೀನಿ ಕಣಮ್ಮ. ನಾಳೆ ಆಸ್ಟಿನ್‌ಗಂತೆ. ಇವಳಿಗೇನೋ ಡಾಕ್ಟರುಗಳ ಸಮ್ಮೇಳನ ಬಂದಿದೆ, ಸರದಿ ಬೇಗ ಮುಗೀತು. ನೀನು ನಿಶಿತಾಗೆ ಹೋಳಿಗೆ ಮಾಡಿಕೊಡು, ಆಸೆಪಡ್ತಿದ್ಲು.’ ಕಾಲಿನ ವಿಷಯ ಕೇಳುವ ಮೊದಲೇ ಕರೆ ಕಡಿದಿತ್ತು.

ಮಾರನೆಯ ದಿನ ನಂದಕುಮಾರ್ ತಾಯಿಯನ್ನು ಹ್ಯೂಸ್ಟನ್ ದಾರಿಯ ಇನ್ನೊಂದು ಗ್ಯಾಸ್ ಸ್ಟೇಷನ್ನಿನಲ್ಲಿ ಸ್ವೀಕರಿಸಿದ. ಮನರಂಜನೆ ಆತನ ಖಾತೆ. ಆತ ಅದನ್ನು ಪ್ರಾಮಾಣಿಕವಾಗಿ ನಿಭಾಯಿಸಿದ. ಕೆರೆಯ ಸುತ್ತಲಿನ ಕಾಲುದಾರಿ, ಮೆಟ್ಟಿಲು ಮೆಟ್ಟಿಲಾಗಿ ಏರುವ ಗುಡ್ಡ, ಸಂಜೆ ಸೇತುವೆಯ ಕೆಳಗಿಂದ ಬಾವಲಿಗಳು ಹೊಗೆಯಂತೆ ಏಳುವ ದೃಶ್ಯ. ಬಾವಲಿಗಳನ್ನು ನೋಡಲು ಜನರ ನಡುವೆ ಬಹಳ ಹೊತ್ತು ನಿಲ್ಲಬೇಕು. ಗುಂಪಿನಲ್ಲಿ ಚಿತ್ರ ಬಂತು, ‘ಅಮ್ಮ ಸೂಪರ್ ಖುಷಿ’ ಎಂಬ ಒಕ್ಕಣೆಯೊಂದಿಗೆ. ಹೊನ್ನಮ್ಮನವರು ಕಂಬಿ ಹಿಡಿದು ಕ್ಯಾಮರಾ ಕಡೆ ನೋಡುತ್ತಿದ್ದರು. ಹಿಂದೆ ಬಾವಲಿಗಳ ಕಪ್ಪು ಮೋಡ.

ಗುರುರಾಜ, ಕೃಷ್ಣವೇಣಿ ಇಬ್ಬರೂ ಹೆಬ್ಬೆರಳು ಎತ್ತಿದರು.

ನಿಶಿತಾ ಮಾತ್ರ ಚಿತ್ರವನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿದಳು. ‘ಅಮ್ಮಾ, ವೈ ಈಸ್ ಅಜ್ಜಿ ಸ್ಟ್ಯಾಂಡಿಂಗ್ ಆನ್ ಒನ್ ಲೆಗ್?’

ಗೀತಾ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಹೌದು, ಕೊಕ್ಕರೆಯಂತೆ. ನಂದಕುಮಾರನಿಗೆ ಫೋನ್ ಮಾಡಿದಳು.

‘ಅತ್ತಿಗೆ, ಅಮ್ಮಂಗೆ ಸ್ವಲ್ಪ ಸುಸ್ತು, ಮೈ ಬಿಸಿ ಇದೆ. ಬಿಸಿಲಿಗೆ ಇರ್ಬೇಕು. ಹಲ್ಲು ತೋರಿಸಿದೆ, ಕಿವಿ ತೋರಿಸಿದೆ, ಎರಡೂ ಫಸ್ಟ್ ಕ್ಲಾಸ್.’

‘ಕಾಲು ನೋಡಿದ್ಯಾ ನಂದು?’

‘ಕಾಲು ಅಕ್ಕ ನೋಡಿದಾಳಲ್ಲ. ಅಣ್ಣ ಓಕೆ ಮಾಡಿದಾನಲ್ಲ.’ ಆತ ನಿಜವಾಗಿಯೂ ಆಶ್ಚರ್ಯಪಟ್ಟ. ‘ಹೇಗಿದ್ರೂ ನಾಳೆ ಎಲ್ಲ ಇಲ್ಲಿಗೇ ಬರ್ತೀರಲ್ಲ. ಎದುರೇ ಮಾತಾಡೋಣ.’

ಮರುದಿನ ಎಲ್ಲರೂ ಆಸ್ಟಿನ್ನಿನಲ್ಲಿ ಸೇರುವುದಿತ್ತು. ಅಲ್ಲಿನ ಒಂದು ಕಾಲೇಜಿನಲ್ಲಿ ಗುರುರಾಜನ ಉಪನ್ಯಾಸ. ಕರೆದವರು ಬೇರೆ ಯಾರನ್ನೋ ಕರೆಯಬೇಕೆಂದಿದ್ದರು. ಆ ಬೇರೆಯವರಿಗೂ ಹೊಟ್ಟೆ ಕೆಟ್ಟಿರಬೇಕು. ಕೃಷ್ಣವೇಣಿ ಸಮ್ಮೇಳನ ಮುಗಿಸಿ ನೇರವಾಗಿ ಅಲ್ಲಿಗೇ ಬಂದಳು. ನಂದಕುಮಾರ್ ತಾಯಿಯನ್ನು ಕೈಹಿಡಿದು ಕರೆತಂದು ಮೊದಲ ಸಾಲಿನಲ್ಲಿ ಕೂರಿಸಿದ. ಹೊನ್ನಮ್ಮನವರ ಮುಖ ಬೂದಿಯ ಬಣ್ಣಕ್ಕಿತ್ತು. ಕಾಲಿಗೆ ಶೂ ಹಿಡಿಸದೆ ಮಗನ ರಬ್ಬರ್ ಚಪ್ಪಲಿ ಹಾಕಿಕೊಂಡಿದ್ದರು, ಅದರೊಳಗೆ ಬೂದು ಚೀಲ. ಗೀತಾ ಪಕ್ಕದಲ್ಲಿ ಕೂತು ಅವರ ಕೈ ಹಿಡಿದಳು. ಕೈ ಕೆಂಡದಂತಿತ್ತು.

‘ರೀ,’ ಎಂದು ವೇದಿಕೆಯ ಕಡೆ ಸನ್ನೆ ಮಾಡಿದಳು. ‘ಅತ್ತೇನ ಈಗ್ಲೇ ಆಸ್ಪತ್ರೆಗೆ...’

ಗುರುರಾಜ ಕೈಬೀಸಿದ. ಹೆಂಡತಿ ಶುಭ ಕೋರುತ್ತಿದ್ದಾಳೆಂದು ಆತ ತಿಳಿದ. ಮೈಕು ಆನ್ ಆಯಿತು.

‘ಹತ್ತು ನಿಮಿಷ ಕಣಮ್ಮ,’ ಎಂದರು ಹೊನ್ನಮ್ಮನವರು. ‘ಅವನು ಮಾತಾಡೋದನ್ನ ನಾನು ನೋಡೇ ಇಲ್ಲ. ಮುಗೀಲಿ.’

ಉಪನ್ಯಾಸ ಹತ್ತು ನಿಮಿಷದಲ್ಲಿ ಮುಗಿಯುವಂಥದ್ದಾಗಿರಲಿಲ್ಲ. ಗುರುರಾಜ ಬೆಟ್ಟದ ಹಳ್ಳಿಯಿಂದ ಶುರು ಮಾಡಿ, ಮುದುಕನ ಪ್ರಶ್ನೆ ಹೇಳಿ ನಗಿಸಿ, ಕೊನೆಗೆ ಪರದೆಯ ಮೇಲೆ ಟೆಕ್ಸಸ್ಸಿನ ನಕ್ಷೆ ತೋರಿಸಿದ. ಮೂರು ಊರುಗಳಿಗೆ ಮೂರು ಬಣ್ಣ, ನಡುವೆ ಬಾಣಗಳು, ಬಾಣಗಳ ಮೇಲೆ ಹೊನ್ನಮ್ಮನವರ ಸಣ್ಣ ಫೋಟೊ. ‘ಈ ಮಾದರಿಯನ್ನು ನಾನು ಬೋಧಿಸುವುದಷ್ಟೇ ಅಲ್ಲ, ಬದುಕುತ್ತಿದ್ದೇನೆ. ನನ್ನ ತಾಯಿ ಇಲ್ಲೇ ಇದ್ದಾರೆ.’ ಚಪ್ಪಾಳೆ ಬಿತ್ತು. ಹೊನ್ನಮ್ಮನವರು ಯಾಕೆಂದು ತಿಳಿಯದೆ ಕೈಮುಗಿದರು.

ಪ್ರಶ್ನೋತ್ತರದಲ್ಲಿ ನಿಶಿತಾ ಕೈಯೆತ್ತಿದಳು. ಹಿಂದಿನ ಸಾಲಿನ ಒಬ್ಬ ವಿದ್ಯಾರ್ಥಿನಿಗೆ ಮೈಕು ಹೋಯಿತು. ತಲೆಗೆ ವಸ್ತ್ರ ಸುತ್ತಿದ್ದ ಆ ಹುಡುಗಿ ಗುರುರಾಜ ಹೋಗಿ ಬಂದ ದೇಶದವಳೇ ಅಂತೆ. ‘ಸರ್, ನಮ್ಮ ಕಣಿವೆಯಲ್ಲಿ ವಿಕೇಂದ್ರೀಕರಣ ಹೊಸದಲ್ಲ,’ ಎಂದಳು ಮೆಲುದನಿಯಲ್ಲಿ. ‘ಸರ್ಕಾರ ಓಡಿಹೋದ ಮೇಲೆ ಎಲ್ಲವನ್ನೂ ನಾವೇ ನೋಡಿಕೊಂಡಿದ್ದೇವೆ. ಹೆರಿಗೆಯನ್ನೂ, ಹೂಳುವುದನ್ನೂ. ನಿಮ್ಮಂಥವರು ಬಂದು ಅದಕ್ಕೊಂದು ಹೆಸರಿಟ್ಟಿರಿ. ಆ ಹಿರಿಯರು ನಗಿಸಲು ಕೇಳಿರಲಿಲ್ಲ. ರಾತ್ರಿ ಮಗುವಿಗೆ ಜ್ವರ ಬಂದರೆ ಬೆಟ್ಟ ಇಳಿದು ಯಾರ ಬಾಗಿಲು ತಟ್ಟಬೇಕು ಎಂದು ಕೇಳಿದ್ದರು. ಅದಕ್ಕೆ ಉತ್ತರವೇನು?’

‘ಒಳ್ಳೆಯ ಪ್ರಶ್ನೆ,’ ಎಂದ ಗುರುರಾಜ.

ಈ ಸಲ ಹೆಲಿಕಾಪ್ಟರ್ ಬರಲಿಲ್ಲ. ಆತ ನೀರು ಕುಡಿದ, ಸ್ಲೈಡು ಹಿಂದಕ್ಕೆ ಮುಂದಕ್ಕೆ ಮಾಡಿದ, ಹೊನ್ನಮ್ಮನವರ ಫೋಟೊ ಡಾಲಸ್ಸಿನಿಂದ ಹ್ಯೂಸ್ಟನ್ನಿಗೂ ಹ್ಯೂಸ್ಟನ್ನಿನಿಂದ ಡಾಲಸ್ಸಿಗೂ ಓಡಾಡಿತು. ಮಗ ಕಷ್ಟದಲ್ಲಿದ್ದಾನೆಂಬುದು ಇಂಗ್ಲಿಷ್ ಬಾರದ ತಾಯಿಗೆ ತಿಳಿಯಿತು. ಆತನಿಗೆ ತಮ್ಮ ಚೊಂಬಿನ ನೀರು ಕೊಡಲೆಂದೋ ಏನೋ, ಹೊನ್ನಮ್ಮನವರು ಎದ್ದು ನಿಂತರು. ಎರಡು ಹೆಜ್ಜೆ ಹಾಕಿ ಕುಸಿದರು. ಚೊಂಬು ಉರುಳಿ ವೇದಿಕೆಯ ಬುಡಕ್ಕೆ ಹೋಗಿ ನಿಂತಿತು. ತಿಳಿ ಬಣ್ಣದ ಕಾರ್ಪೆಟ್ಟಿನ ಮೇಲೆ ಅವರು ಇಟ್ಟ ಎರಡು ಹೆಜ್ಜೆಗಳಲ್ಲಿ ಒಂದರ ಗುರುತು ಕಪ್ಪಾಗಿ, ಒದ್ದೆಯಾಗಿ ಮೂಡಿತ್ತು. ಆಗ ಮೊದಲ ಸಾಲಿನವರಿಗೆಲ್ಲ ವಾಸನೆ ತಿಳಿಯಿತು.

ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಡಾಕ್ಟರು ಬಹಳ ಸೌಮ್ಯವಾಗಿ ಮಾತಾಡಿದರು. ಸಕ್ಕರೆ ಕಾಯಿಲೆಯವರ ಪಾದದಲ್ಲಿ ನೋವೇ ತಿಳಿಯುವುದಿಲ್ಲ, ಹುಣ್ಣು ಮೂಳೆಗೆ ಇಳಿದಿದೆ, ರಕ್ತಕ್ಕೂ ಸೇರಿದೆ, ಪಾದ ಉಳಿಯುವುದಿಲ್ಲ, ಜೀವ ಉಳಿಸಲು ನೋಡುತ್ತೇವೆ ಎಂದರು. ಆಮೇಲೆ ಮೂವರ ಮುಖವನ್ನೂ ನೋಡಿ, ‘ಇವರನ್ನು ನೋಡಿಕೊಳ್ಳುತ್ತಿದ್ದವರು ಯಾರು?’ ಎಂದು ಕೇಳಿದರು.

ಗುರುರಾಜ ಕೃಷ್ಣವೇಣಿಯನ್ನು ನೋಡಿದ. ಕೃಷ್ಣವೇಣಿ ನಂದಕುಮಾರನನ್ನು. ನಂದಕುಮಾರ್ ಗುರುರಾಜನನ್ನು. ಸರದಿ ತಪ್ಪಲಿಲ್ಲ. ಗೀತಾಳಿಗೆ ಡ್ರೈಯರ್ ಮೇಲೆ ಇಟ್ಟು ಬಂದ ಕಾಲುಚೀಲ ನೆನಪಾಯಿತು. ಅದು ಇನ್ನೂ ಅಲ್ಲೇ ಇತ್ತು.

ಪಾದ ತೆಗೆದ ಮೇಲೆ, ಎಚ್ಚರ ಬಂದಾಗ, ಹೊನ್ನಮ್ಮನವರು ಮೊದಲು ಹುಡುಕಿದ್ದು ಚೊಂಬನ್ನು. ಗೀತಾ ಅದನ್ನು ತೊಳೆದು ತಂದಿದ್ದಳು. ಎರಡು ಗುಟುಕು ಕುಡಿಸಿದಳು.

‘ಗಾಯ ಇಷ್ಟಾದ್ರೂ ಯಾಕೆ ಅತ್ತೆ ಯಾರಿಗೂ ಹೇಳ್ಲಿಲ್ಲ?’

‘ಯಾರ ಸರದೀಲಿ ಮಲಗಿದ್ರೂ ಅವರ ಮೇಲೆ ಮಾತು ಬರತ್ತಲ್ಲಮ್ಮ. ನಿನ್ನ ಮನೇಲಿ ಆಗಿದ್ರೆ ನಿನ್ನ ಅಂದಿರೋರು. ಹೇಗೋ ಮೂವರೂ ಇರೋ ಕಡೆ ಬಿದ್ದೆ. ಸಮ ಆಯ್ತು.’ ಅವರು ಸಮಾಧಾನದಿಂದ ಕಣ್ಣು ಮುಚ್ಚಿದರು.

ಹಾಸಿಗೆಯ ಆ ಬದಿಯಲ್ಲಿ ಮೂವರು ಮಕ್ಕಳು ಕುರ್ಚಿಗಳನ್ನು ದುಂಡಗೆ ಎಳೆದುಕೊಂಡು ಕೂತಿದ್ದರು. ಅತ್ತು ಅತ್ತು ಮೂವರ ಕಣ್ಣುಗಳೂ ಊದಿದ್ದವು. ಅತ್ತು ಮುಗಿದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಮೀಟಿಂಗ್ ಶುರು ಮಾಡಿದ್ದರು.

‘ಇನ್ನು ವೀಲ್‌ಚೇರು. ನಮ್ಮನೇಲಿ ಮಲಗೋ ಕೋಣೆ ಎಲ್ಲ ಮೇಲಿದೆ,’ ಎಂದಳು ಕೃಷ್ಣವೇಣಿ.

‘ನಂದು ಮೂರನೇ ಮಹಡಿ ಅಕ್ಕ. ಲಿಫ್ಟ್ ಇದೆ, ಆದ್ರೆ ಕೆಟ್ಟಿದೆ.’

‘ಮತ್ತೆ ಕೇಂದ್ರೀಕರಣ ಮಾಡೋದು ಅಂದ್ರೆ ಹಿಂದಕ್ಕೆ ಹೋದ ಹಾಗೆ,’ ಎಂದ ಗುರುರಾಜ. ಅವನ ದನಿಯಲ್ಲಿ ಮೊದಲಿನ ಬಲವಿರಲಿಲ್ಲ, ಆದರೆ ಪದಗಳು ಅವೇ. ‘ಒಂದು ಕಡೆ ನರ್ಸಿಂಗ್ ಹೋಮಲ್ಲಿಟ್ರೆ ಮೂರು ಘಟಕಗಳಿಗೂ ನಡುವೆ ಆಗತ್ತೆ. ವೇಕೋ ಊರಿನ ಕಡೆ ನೋಡಬಹುದು.’

‘ಅಲ್ಲಿ ನಮ್ಮೋರು ಯಾರಿದಾರೆ ಅಣ್ಣ?’

‘ಯಾರೂ ಇಲ್ಲ. ಅದಕ್ಕೇ ಅದು ತಟಸ್ಥ.’

ಗೀತಾ ಬಾಯಿ ತೆರೆದಳು. ಅಷ್ಟರಲ್ಲಿ ಕಿಟಕಿಯ ಬಳಿ ಕೂತಿದ್ದ ನಿಶಿತಾ ಇಳಿದು ಬಂದು, ಕುರ್ಚಿಗಳ ದುಂಡಿನ ನಡುವೆ ನಿಂತು, ಶಾಲೆಯಲ್ಲಿ ಎತ್ತುವಂತೆ ಕೈಯೆತ್ತಿದಳು.

‘ಪುಟ್ಟಿ, ಈಗ ಬೇಡ...’ ಎಂದು ಗುರುರಾಜ ಶುರು ಮಾಡಿದ.

‘ಕೊನೆಗೆ ಕೇಳು ಅಂದಿದ್ರಿ,’ ಎಂದಳು ನಿಶಿತಾ. ಅವಳು ಅಷ್ಟುದ್ದದ ಕನ್ನಡ ಮಾತಾಡಿದ್ದನ್ನು ಆ ಕೋಣೆಯಲ್ಲಿ ಯಾರೂ ಕೇಳಿರಲಿಲ್ಲ. ಹಾಸಿಗೆಯ ಮೇಲೆ ಹೊನ್ನಮ್ಮನವರು ಕಣ್ಣು ತೆರೆದರು.

ಗುರುರಾಜ ತಲೆಯಾಡಿಸಿದ. ಕೃಷ್ಣವೇಣಿ ಫೋ‌ನನ್ನು ಮಡಿಲಲ್ಲಿ ಬೋರಲು ಹಾಕಿದಳು. ಹುಡುಗಿ ಪದಗಳನ್ನು ಒಂದೊಂದಾಗಿ ಹುಡುಕಿ ಜೋಡಿಸಿಕೊಂಡಳು. ತಪ್ಪಾಗಬಾರದೆಂದು ಅಪ್ಪನ ಮುಖವನ್ನೇ ನೋಡುತ್ತಾ ಕೇಳಿದಳು:

‘ಹಾಗಾದ್ರೆ... ನಮಗೆ ಅಜ್ಜಿ ಬೇಡ್ವಾ?’